ರೀಸೆಟ್ ಮಾಡಿದ ರೌಟರ್‌ಗೆ ಇಂಟರ್ನೆಟ್ ಮರಳಿ ತರುವುದು ಹೇಗೆ?

ಪ್ರಶ್ನೆ: ಫೈಬರ್ ಕಂಪನಿಯವರು ಗೋಡೆಗೆ ಒಂದು ಪೆಟ್ಟಿಗೆ ಹಾಕಿದ್ದಾರೆ, ಅದಕ್ಕೆ ನಮ್ಮದೇ ರೌಟರ್ ಜೋಡಿಸಿದ್ದೇವೆ. ವೇಗ ಕಡಿಮೆಯಾಯಿತೆಂದು ರೌಟರ್‌ನ ಹಿಂದಿನ ಸಣ್ಣ ರಂಧ್ರಕ್ಕೆ ಪಿನ್ ಚುಚ್ಚಿ ರೀಸೆಟ್ ಮಾಡಿದೆ. ಈಗ ಮೊಬೈಲ್‌ಗೆ ವೈಫೈ ಸಿಗುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ಡೈನಾಮಿಕ್ ಐಪಿ, ಸ್ಟ್ಯಾಟಿಕ್ ಐಪಿ, ಪಿಪಿಪಿಓಇ ಎಂಬ ಆಯ್ಕೆಗಳಿವೆ. ಯಾವುದನ್ನು ಆರಿಸಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ವೈಫೈ ಎಂಬುದು ನಿಮ್ಮ ಮೊಬೈಲ್‌ಗೂ ರೌಟರ್‌ಗೂ ನಡುವಿನ ಸಂಪರ್ಕ ಮಾತ್ರ, ರೌಟರ್‌ನಿಂದ ಹೊರಜಗತ್ತಿಗೆ ಹೋಗುವ ದಾರಿಯ ವಿವರಗಳು 'ವ್ಯಾನ್' ಅಥವಾ 'ಇಂಟರ್ನೆಟ್' ಎಂಬ ವಿಭಾಗದಲ್ಲಿರುತ್ತವೆ, ರೀಸೆಟ್ ಮಾಡಿದಾಗ ಅಳಿಸಿಹೋದದ್ದು ಅವೇ. ವೇಗ ಕುಗ್ಗಿದಾಗ ಸ್ವಿಚ್ ಆರಿಸಿ ಮತ್ತೆ ಹಾಕಿದ್ದರೆ ಸಾಕಿತ್ತು.

ಮೊದಲು ಗೋಡೆಯ ಪೆಟ್ಟಿಗೆಯನ್ನು ನೋಡಿ. 'ಪಾನ್' ದೀಪ ಸ್ಥಿರವಾಗಿ ಉರಿಯುತ್ತಿದ್ದು, 'ಲಾಸ್' ಎಂಬಲ್ಲಿ ಕೆಂಪು ದೀಪ ಇಲ್ಲದಿದ್ದರೆ ಫೈಬರ್ ತಂತಿಯಲ್ಲಿ ದೋಷವಿಲ್ಲ. ಕೆಂಪು ದೀಪವಿದ್ದರೆ ಸೆಟ್ಟಿಂಗ್ಸ್ ಬದಲಿಸಿ ಪ್ರಯೋಜನವಿಲ್ಲ, ಕಂಪನಿಯವರೇ ಬರಬೇಕು.

ನಿಮ್ಮ ಪ್ರಶ್ನೆಗೆ ಉತ್ತರ, ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಕೆಲಸವನ್ನು ಗೋಡೆಯ ಪೆಟ್ಟಿಗೆ, ರೌಟರ್ ಎರಡರಲ್ಲಿ ಯಾವುದು ಮಾಡುತ್ತದೆ ಎಂಬುದನ್ನು ಅವಲಂಬಿಸಿದೆ. ರೌಟರ್ ಬಿಡಿಸಿ, ಗೋಡೆಯ ಪೆಟ್ಟಿಗೆಯಿಂದ ಲ್ಯಾಪ್‌ಟಾಪ್‌ಗೆ ನೇರವಾಗಿ ಕೇಬಲ್ ಹಾಕಿ ನೋಡಿ. ಇಂಟರ್ನೆಟ್ ಬಂದರೆ ಆ ಪೆಟ್ಟಿಗೆಯೇ ಲಾಗಿನ್ ಆಗುತ್ತಿದೆ ಎಂದರ್ಥ. ರೌಟರ್‌ನಲ್ಲಿ ಡೈನಾಮಿಕ್ ಐಪಿ (ವಿಳಾಸವನ್ನು ತಾನಾಗಿಯೇ ಪಡೆಯುವ ಆಯ್ಕೆ) ಆರಿಸಿದರೆ ಸಾಕು. ಆದರೆ ಎರಡೂ ಉಪಕರಣಗಳ ವಿಳಾಸ 192.168.1.1 ಎಂದೇ ಇದ್ದರೆ ಅವು ಪರಸ್ಪರ ಅಡ್ಡಿಯಾಗುವುದರಿಂದ, ನಿಮ್ಮ ರೌಟರ್‌ನ ವಿಳಾಸವನ್ನು 192.168.0.1 ಎಂದು ಬದಲಿಸಿಕೊಳ್ಳಿ.

ಇಂಟರ್ನೆಟ್ ಬಾರದಿದ್ದರೆ ಪೆಟ್ಟಿಗೆ ಬಹುಶಃ 'ಬ್ರಿಡ್ಜ್' ಸ್ಥಿತಿಯಲ್ಲಿದೆ, ಅಂದರೆ ತಾನು ಲಾಗಿನ್ ಆಗದೆ ಸಂಪರ್ಕವನ್ನು ಹಾಗೆಯೇ ರೌಟರ್‌ಗೆ ದಾಟಿಸುತ್ತದೆ. ಆಗ ರೌಟರ್‌ನಲ್ಲಿ ಪಿಪಿಪಿಓಇ ಆರಿಸಿ, ಕಂಪನಿ ಕೊಟ್ಟ ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ತುಂಬಬೇಕು. ಇಲ್ಲಿ ಹಲವರು ಎಡವುತ್ತಾರೆ: ಇದು ವೈಫೈ ಪಾಸ್‌ವರ್ಡ್ ಅಲ್ಲ, ಕಂಪನಿಯ ಆ್ಯಪ್‌ಗೆ ಬಳಸುವ ಪಾಸ್‌ವರ್ಡ್ ಆಗಿರಲೇಬೇಕೆಂದೂ ಇಲ್ಲ. ನೆನಪಿಲ್ಲದಿದ್ದರೆ ಊಹಿಸುತ್ತ ಕೂರದೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ವಿಎಲ್ಎಎನ್ ಸಂಖ್ಯೆ (ಕಂಪನಿ ತನ್ನ ಜಾಲದಲ್ಲಿ ಇಂಟರ್ನೆಟ್ ಸಂಚಾರವನ್ನು ಪ್ರತ್ಯೇಕಿಸಲು ಬಳಸುವ ಗುರುತು) ಬೇಕೇ ಎಂಬುದನ್ನೂ ಅದೇ ಕರೆಯಲ್ಲಿ ಕೇಳಿಬಿಡಿ. ಆ ಸಂಖ್ಯೆ ಬೇಕಾದ ಕಡೆ ಅದು ತಪ್ಪಿದರೆ, ಪಾಸ್‌ವರ್ಡ್ ಸರಿಯಿದ್ದರೂ ಸಂಪರ್ಕವಾಗುವುದಿಲ್ಲ. ಸ್ಟ್ಯಾಟಿಕ್ ಐಪಿ ಸಾಮಾನ್ಯವಾಗಿ ಹಣ ಕೊಟ್ಟು ಸ್ಥಿರ ವಿಳಾಸ ಪಡೆದವರಿಗೆ ಇರುವಂಥದ್ದು, ಕಂಪನಿ ಹೇಳದಿದ್ದರೆ ಅದನ್ನು ಮರೆತುಬಿಡಿ.

ಸಂಪರ್ಕ ಬಂದ ಮೇಲೂ ಕೆಲವು ತಾಣಗಳು ತೆರೆದು, ಕೆಲವು ಅರ್ಧಕ್ಕೇ ನಿಂತರೆ 'ಎಂಟಿಯು' ಎಂಬ ಅಂಕಿಯನ್ನು, ಅಂದರೆ ಒಂದು ಪ್ಯಾಕೆಟ್‌ನಲ್ಲಿ (ದತ್ತಾಂಶದ ತುಣುಕಿನಲ್ಲಿ) ಒಮ್ಮೆಗೆ ಸಾಗಬಹುದಾದ ಗರಿಷ್ಠ ಅಳತೆಯನ್ನು, ಗಮನಿಸಿ. ಸಾಮಾನ್ಯ ಈಥರ್ನೆಟ್‌ನಲ್ಲಿ ಅದು 1500 ಬೈಟ್. ಪಿಪಿಪಿಓಇ ಪ್ರತಿಯೊಂದು ಪ್ಯಾಕೆಟ್‌ನಲ್ಲಿ ತನ್ನ ಗುರುತಿಗೆಂದು 8 ಬೈಟ್ ತೆಗೆದುಕೊಳ್ಳುವುದರಿಂದ 1492 ಎಂದಿರಬೇಕು. ಬಹುತೇಕ ರೌಟರ್‌ಗಳು ತಾವಾಗಿಯೇ ಹೀಗೆ ಹೊಂದಿಸಿಕೊಳ್ಳುತ್ತವೆ.

ರೀಸೆಟ್ ಆದಾಗ ವೈಫೈ ಮತ್ತು ಅಡ್ಮಿನ್ ಪಾಸ್‌ವರ್ಡ್‌ಗಳೂ ಕಾರ್ಖಾನೆಯ ಸ್ಥಿತಿಗೆ ಮರಳಿರುತ್ತವೆ, ಎರಡನ್ನೂ ಇಂದೇ ಬದಲಿಸಿ. ನಂತರ 'ಬ್ಯಾಕಪ್' ವಿಭಾಗದಿಂದ ಸೆಟ್ಟಿಂಗ್ಸ್ ಫೈಲನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡರೆ, ಮುಂದೆ ಮತ್ತೆ ರೀಸೆಟ್ ಆದರೂ ಅದೇ ಫೈಲನ್ನು 'ರಿಸ್ಟೋರ್' ಮಾಡಬಹುದು.