ವಿಜ್ಞಾನಿ ತನ್ನ ಆತ್ಮಕಥೆಯನ್ನು ನಿವೃತ್ತಿಯ ನಂತರ ಬರೆಯುವುದು ಒಳ್ಳೆಯದೇ? ಯಾರಿಗಾಗಿ ಬರೆಯಬೇಕು, ಸಹೋದ್ಯೋಗಿಗಳಿಗಾಗಿಯೋ ಸಾಮಾನ್ಯ ಓದುಗರಿಗಾಗಿಯೋ?

ನಿವೃತ್ತಿಯಾದ ಮೇಲೆ ನೆಮ್ಮದಿಯಾಗಿ ಕುಳಿತು ಬರೆಯಬೇಕೆಂದು ನೀವು ಅಂದುಕೊಂಡಿರುವಂತೆಯೇ ನಾನೂ ಅಂದುಕೊಂಡಿದ್ದೆ. ಪ್ರೋಟೀನುಗಳ ಹರಳು ಬೆಳೆಸಿ, ಎಕ್ಸ್-ರೇ ಹಾಯಿಸಿ, ಅವುಗಳ ರಚನೆಯನ್ನು ಬಿಡಿಸುವುದು ನನ್ನ ವೃತ್ತಿಯಾಗಿತ್ತು. ಕೊನೆಯ ವಾರದಲ್ಲಿ ಕೊಠಡಿಯನ್ನು ತೆರವು ಮಾಡಿಕೊಡಬೇಕಾದಾಗ ಕಪಾಟಿನಲ್ಲಿದ್ದ ಪ್ರಯೋಗದ ನೋಟ್‌ಬುಕ್ಕುಗಳನ್ನೂ ಪತ್ರಗಳ ಕಡತಗಳನ್ನೂ ರದ್ದಿಗೆ ಹಾಕಿಸಿದೆ. ನಿಮ್ಮ ಪ್ರಶ್ನೆಗೆ ನಾನು ಕೊಡಬಹುದಾದ ಉತ್ತರವೆಲ್ಲ ಆ ಒಂದು ತಪ್ಪಿನಲ್ಲಿಯೇ ಇದೆ. ಆದ್ದರಿಂದ ಅದನ್ನು ವಿವರವಾಗಿ ಹೇಳುತ್ತೇನೆ.

ಫಲಿತಾಂಶಗಳೆಲ್ಲ ಸಂಶೋಧನಾ ಲೇಖನಗಳಲ್ಲಿ ಅಚ್ಚಾಗಿವೆ, ಉಳಿದದ್ದು ನನ್ನ ನೆನಪಿನಲ್ಲಿದೆ ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ ಲೇಖನದಲ್ಲಿದ್ದದ್ದು ‘ಹರಳುಗಳನ್ನು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಲಾಯಿತು’ ಎಂಬ ಒಂದೇ ವಾಕ್ಯ. ಬೆಳೆಸಿದವರು ಯಾರು, ಅದಕ್ಕೆ ಮೊದಲು ಏನೇನು ಕೈಕೊಟ್ಟಿತು, ಆ ಉಷ್ಣತೆಗೇ ಏಕೆ ಬಂದು ನಿಂತೆವು ಎಂಬುದೊಂದೂ ಅಲ್ಲಿರಲಿಲ್ಲ. ಅದೆಲ್ಲ ಇದ್ದದ್ದು ನೋಟ್‌ಬುಕ್ಕಿನ ಅಂಚುಗಳಲ್ಲಿ, ಹೊಡೆದುಹಾಕಿದ ಸಾಲುಗಳಲ್ಲಿ, ಬೇರೆ ಬೇರೆಯವರ ಕೈಬರಹದಲ್ಲಿ. ನನ್ನ ನೆನಪಿನಲ್ಲಿ ಉಳಿದದ್ದಾದರೋ ಉಪನ್ಯಾಸಗಳಲ್ಲಿ ಹೇಳಿ ಹೇಳಿ ನುಣುಪಾದ ಕಥೆ: ಶೀತಲ ಕೋಣೆಯ 4 ಡಿಗ್ರಿಯಲ್ಲಿ ಹರಳು ಬಾರದಿದ್ದಾಗ ಹರಳು ಬೆಳೆಸುವ ತಟ್ಟೆಗಳನ್ನು ಹೊರಗಿಟ್ಟು ನೋಡಬೇಕೆಂದು ನನಗೆ ಹೊಳೆಯಿತು, ಹರಳು ಬಂತು.

ಅದನ್ನೇ ಒಂದು ಅಧ್ಯಾಯವಾಗಿ ಬರೆದು, ಆಗ ನನ್ನ ವಿದ್ಯಾರ್ಥಿನಿಯಾಗಿದ್ದವರಿಗೆ ಓದಲು ಕಳುಹಿಸಿದೆ. ಉತ್ತರವಾಗಿ ಬಂದದ್ದು ಅವರ ನೋಟ್‌ಬುಕ್ಕಿನ ಒಂದು ಪುಟದ ಚಿತ್ರ. ಪೆನ್ಸಿಲಿನಲ್ಲಿ ಹೀಗಿತ್ತು: ‘ಶೀತಲ ಕೋಣೆ ಕೆಟ್ಟಿದೆ. ಚೆಲ್ಲುವ ಮೊದಲು ಒಮ್ಮೆ ನೋಡಿ ಎಂದರು. ಮೂರನೆಯ ತಟ್ಟೆಯಲ್ಲಿ ಹರಳು.’ ಹಾಗೆ ಹೇಳಿದವರು ನಮ್ಮ ಪ್ರಯೋಗಾಲಯದ ಸಹಾಯಕರು. ಲೇಖನದ ಕೊನೆಯ ಕೃತಜ್ಞತೆಯ ಸಾಲಿನಲ್ಲಿಯೂ ಅವರ ಹೆಸರಿಲ್ಲ. ನನಗೆ ಆ ಪುಟ ತಲುಪುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅವರು ಆ ತಟ್ಟೆಯಲ್ಲಿ ಏನನ್ನು ಕಂಡು ಹಾಗೆಂದರೋ, ಅಂಥ ಸಲಹೆಗಳನ್ನು ಇನ್ನೆಷ್ಟು ಸಲ ಕೊಟ್ಟಿದ್ದರೋ ಎಂದು ಕೇಳಲು ಅವರಿಲ್ಲ, ತಾಳೆ ನೋಡಲು ನನ್ನ ನೋಟ್‌ಬುಕ್ಕುಗಳೂ ಇಲ್ಲ. ಅವರಿಗೆ ಸಲ್ಲಬೇಕಾದದ್ದನ್ನು ನಾನು ಇಷ್ಟು ಕಾಲ ನನ್ನದೆಂದು ಹೇಳಿಕೊಂಡು ಬಂದಿದ್ದೆ ಎಂಬ ನೋವು ಈಗಲೂ ಇದೆ.

ನೆನಪು ಹೀಗೆ ಮಾಡುವುದು ನನ್ನೊಬ್ಬನಲ್ಲಿ ಮಾತ್ರವಲ್ಲ. ಯುದ್ಧಕಾಲದ 1941ರಲ್ಲಿ ಜರ್ಮನಿಯ ಭೌತವಿಜ್ಞಾನಿ ಹೈಸನ್‌ಬರ್ಗ್ ಕೋಪನ್‌ಹೇಗನ್ನಿಗೆ ಬಂದು ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್ ಅವರೊಡನೆ ಆಡಿದ ಮಾತುಗಳನ್ನು ಇಬ್ಬರೂ ಮುಂದೆ ಬೇರೆ ಬೇರೆಯಾಗಿಯೇ ನೆನಪಿಸಿಕೊಂಡರು. ಬೋರ್ ಅವರ ನೆನಪು ಏನಿತ್ತೆಂಬುದು ಲೋಕಕ್ಕೆ ವಿವರವಾಗಿ ತಿಳಿದದ್ದು, ಅವರು ಬರೆದೂ ಕಳುಹಿಸದೆ ಬಿಟ್ಟ ಪತ್ರಗಳ ಕರಡುಗಳು 2002ರಲ್ಲಿ ಬಹಿರಂಗವಾದಾಗ. ಆ ಕರಡುಗಳನ್ನು ಯಾರೂ ರದ್ದಿಗೆ ಹಾಕಿರಲಿಲ್ಲ.

ಆದ್ದರಿಂದ ನಿವೃತ್ತಿಯವರೆಗೆ ಕಾಯುವ ಯೋಚನೆಯನ್ನು ನಾನು ಒಪ್ಪುವುದಿಲ್ಲ. ಕ್ವಾಂಟಂ ಭೌತಶಾಸ್ತ್ರದ ಇತಿಹಾಸಕ್ಕಾಗಿ 1962ರಲ್ಲಿ ವಿಜ್ಞಾನದ ಇತಿಹಾಸಕಾರ ಥಾಮಸ್ ಕೂನ್ ಮತ್ತು ಸಂಗಡಿಗರು ಬೋರ್ ಅವರನ್ನು ಸಂದರ್ಶಿಸುತ್ತಿದ್ದರು. ನವೆಂಬರ್ 17ರಂದು ಮಾತುಕತೆ ನಡೆಯಿತು, ಮರುದಿನ ಬೋರ್ ನಿಧನರಾದರು. ನೀವು ಇನ್ನೂ ಪ್ರಯೋಗಾಲಯದಲ್ಲಿರುವಾಗಲೇ ಹಳೆಯ ನೋಟ್‌ಬುಕ್ಕೊಂದನ್ನು ತೆರೆದಿಟ್ಟುಕೊಂಡು, ಜೊತೆಗೆ ದುಡಿದವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪುಟ ಪುಟವನ್ನೂ ಓದುತ್ತ ಅವರ ಮಾತುಗಳನ್ನು ಧ್ವನಿಮುದ್ರಿಸಿ. ಉಪಕರಣ ದುರಸ್ತಿ ಮಾಡಿದವರ, ಗಾಜಿನ ಸಾಮಾನು ತೊಳೆದವರ ಹೆಸರುಗಳನ್ನು ಮೊದಲು ಬರೆದಿಡಿ. ಪ್ರಶಸ್ತಿಗಳ ವಿವರ ಬೇರೆಡೆ ಹೇಗೂ ಸಿಗುತ್ತದೆ. ಫಲಿಸದ ಪ್ರಯೋಗಗಳಿಗೆ ಧಾರಾಳವಾಗಿ ಜಾಗ ಕೊಡಿ, ಏಕೆಂದರೆ ಅವು ಲೇಖನಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಸಹೋದ್ಯೋಗಿಗಳಿಗಾಗಿಯೋ ಸಾಮಾನ್ಯ ಓದುಗರಿಗಾಗಿಯೋ ಎಂದು ಕೇಳಿದ್ದೀರಿ. ಅದನ್ನು ಈಗಲೇ ತೀರ್ಮಾನಿಸುವ ಅಗತ್ಯ ನನಗೆ ಕಾಣುವುದಿಲ್ಲ. ಡಾರ್ವಿನ್ 1876ರಲ್ಲಿ ತಮ್ಮ ಜೀವನದ ಕಥೆಯನ್ನು ಮಕ್ಕಳು ಮೊಮ್ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರು. ಅವರ ತರುವಾಯ 1887ರಲ್ಲಿ ಮಗ ಫ್ರಾನ್ಸಿಸ್ ಅದನ್ನು ಅಚ್ಚಿಗೆ ಕೊಟ್ಟಾಗ, ಧರ್ಮದ ಬಗೆಗಿನ ಮತ್ತು ಕೆಲವು ವ್ಯಕ್ತಿಗಳ ಬಗೆಗಿನ ಮಾತುಗಳನ್ನು ಕೈಬಿಡಲಾಯಿತು. ಹಸ್ತಪ್ರತಿ ಉಳಿದಿದ್ದರಿಂದಲೇ ಮೊಮ್ಮಗಳು ನೋರಾ ಬಾರ್ಲೋ 1958ರಲ್ಲಿ ಬಿಟ್ಟದ್ದನ್ನೆಲ್ಲ ಸೇರಿಸಿ ಪ್ರಕಟಿಸಲು ಸಾಧ್ಯವಾಯಿತು. ನೀವೂ ಏನನ್ನೂ ಮುಚ್ಚಿಡದೆ ಬರೆದ ಒಂದು ಪ್ರತಿಯನ್ನು, ನೋಟ್‌ಬುಕ್ಕುಗಳ ಜೊತೆಗೆ, ವಿಜ್ಞಾನದ ದಾಖಲೆಗಳನ್ನು ಕಾಪಾಡುವ ಯಾವುದಾದರೂ ಪತ್ರಾಗಾರಕ್ಕೆ ಒಪ್ಪಿಸಿ. ಬದುಕಿರುವವರಿಗೆ ನೋವಾಗಬಹುದಾದ ಭಾಗಗಳನ್ನು ಇಂಥ ವರ್ಷದವರೆಗೆ ತೆರೆಯಬಾರದೆಂದು ಲಿಖಿತವಾಗಿ ಷರತ್ತು ಹಾಕಿಕೊಡಬಹುದು. ಅಚ್ಚಿಗೆ ಬೇಕಾದದ್ದನ್ನು ಆಮೇಲೆ ಅದರಿಂದಲೇ ಆರಿಸಿಕೊಳ್ಳಿ.