ಕೋರ್ಸಿಗಿಂತ ಮುಂಚೆ ಮಲಗೋಕೆ ಜಾಗ ಬೇಕು

ಪ್ರಶ್ನೆ: ನಮ್ಮ ಅಂಗಡಿ ಮೈಸೂರಿನ ಬಸ್ ನಿಲ್ದಾಣದ ಹತ್ತಿರ ಇದೆ. ಅಲ್ಲೇ ರಾತ್ರಿ ಮಲಗುವ 19 ವರ್ಷದ ಹುಡುಗನೊಬ್ಬ ಪರಿಚಯ. 18 ತುಂಬುವ ತನಕ ಬಾಲಮಂದಿರದಲ್ಲಿದ್ದವನು, ಒಂಬತ್ತನೇ ಕ್ಲಾಸ್ ಓದಿದ್ದಾನೆ. ನಾವು ಕೆಲವರು ದುಡ್ಡು ಸೇರಿಸಿ ಮೊಬೈಲ್ ರಿಪೇರಿ ಕೋರ್ಸಿಗೆ ಸೇರಿಸಿದೆವು. ಸ್ವಲ್ಪ ದಿನ ಹೋಗಿ ಬಿಟ್ಟುಬಿಟ್ಟ. ಅವನಿಗೆ ಆಸಕ್ತಿಯೇ ಇಲ್ಲವೇನೋ. ಇನ್ನೇನು ಮಾಡಬಹುದು?
– ಓದುಗರು, ಮೈಸೂರು

ಉತ್ತರ: ಆಸಕ್ತಿ ಇಲ್ಲ ಅಂತ ತೀರ್ಮಾನಿಸುವ ಮುಂಚೆ, ಅವನ ರಾತ್ರಿ ಹೇಗೆ ಕಳೆಯುತ್ತದೆ ಅಂತ ಒಮ್ಮೆ ಕೇಳಿ. ನಿಲ್ದಾಣದಲ್ಲಿ ಮಲಗುವವರಿಗೆ ಗಟ್ಟಿ ನಿದ್ದೆ ಅನ್ನೋದೇ ಇಲ್ಲ. ಯಾರೋ ಎಬ್ಬಿಸಿ ಓಡಿಸುತ್ತಾರೆ. ಚಪ್ಪಲಿ, ಮೊಬೈಲ್, ಬ್ಯಾಗು ಕಳುವಾಗುತ್ತವೆ. ಬೆಳಿಗ್ಗೆ ಸ್ನಾನಕ್ಕೆ ದುಡ್ಡು ಕೊಡಬೇಕು. ಬಟ್ಟೆ ಒಗೆದರೆ ಒಣಗಿಸಲು ಜಾಗವಿಲ್ಲ. ಈ ಸ್ಥಿತಿಯಲ್ಲಿ ಹತ್ತು ಗಂಟೆಗೆ ಕ್ಲಾಸಿಗೆ ಹೋಗಿ, ಸಣ್ಣ ಸ್ಕ್ರೂ ಹಿಡಿದು ಸಂಜೆವರೆಗೆ ಕೂರಬೇಕು. ಮೈ ವಾಸನೆ ಬರುತ್ತದೆಂದು ಪಕ್ಕದವನು ಸರಿದು ಕೂತರೆ ಸಾಕು, ಮಾರನೇ ದಿನ ಅವನು ಬರುವುದಿಲ್ಲ. ಕೋರ್ಸ್ ಬಿಟ್ಟ ಎಷ್ಟೋ ಹುಡುಗರನ್ನು ನಾನು ಮಾತಾಡಿಸಿದ್ದೇನೆ. ಪಾಠ ಕಷ್ಟ ಅಂದವರು ಕಡಿಮೆ. ಮುಜುಗರ, ಹಸಿವು, ನಿದ್ದೆ ಅಂದವರೇ ಜಾಸ್ತಿ.

ಇನ್ನೊಂದು ಲೆಕ್ಕ ಇದೆ. ದಿನವೂ ಮೂಟೆ ಹೊತ್ತೋ, ಮದುವೆ ಛತ್ರದಲ್ಲಿ ಬಡಿಸಿಯೋ ಅವನು ಅಂದಂದಿನ ಊಟ ಸಂಪಾದಿಸುತ್ತಾನೆ. ಕ್ಲಾಸಿಗೆ ಹೋದ ದಿನ ಆ ದುಡ್ಡು ಇಲ್ಲ. ನೀವು ಫೀಸ್ ಕಟ್ಟಿದಿರಿ, ತುಂಬಾ ದೊಡ್ಡ ವಿಷಯ. ಆದರೆ ಅವನ ಊಟದ ದುಡ್ಡು ಯಾರೂ ಕಟ್ಟಲಿಲ್ಲ, ಅಲ್ವಾ?

ಹಾಗಾಗಿ ಊಟ ಮತ್ತು ವಸತಿ ಜೊತೆಗೇ ಇರುವ ತರಬೇತಿ ಹುಡುಕಿ. ನಮ್ಮ ರಾಜ್ಯದಲ್ಲಿ ಇದಕ್ಕೆ ಒಳ್ಳೆಯ ದಾರಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಮೈಸೂರಿನಲ್ಲೂ ಇದೆ. ಅದೇ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳು ಬೇರೆ ಜಿಲ್ಲೆಗಳಲ್ಲಿವೆ. ಮೊಬೈಲ್ ರಿಪೇರಿ, ಬೈಕ್ ರಿಪೇರಿ, ಹೊಲಿಗೆಯಂಥ ಕಸುಬು ಕಲಿಸುತ್ತಾರೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಇವು ಮುಖ್ಯವಾಗಿ ಹಳ್ಳಿಯ ನಿರುದ್ಯೋಗಿಗಳಿಗೆಂದು ಹುಟ್ಟಿದವು, ದಾಖಲೆ ಕೇಳುತ್ತಾರೆ. ಅವನನ್ನು ಒಬ್ಬನೇ ಕಳಿಸಬೇಡಿ. ನೀವೂ ಹೋಗಿ, ಪರಿಸ್ಥಿತಿ ವಿವರಿಸಿ ಮಾತಾಡಿ. ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತರೆ ಕೌಂಟರಿನ ಆಚೆಯ ದನಿಯೇ ಬದಲಾಗುತ್ತದೆ. ಹಾಗಾಗಬಾರದು, ಆದರೆ ಆಗುತ್ತದೆ. ಒಂದೆರಡು ವರ್ಷ ಕಲಿಯುವ ಮನಸ್ಸಿದ್ದರೆ ಐಟಿಐಯಲ್ಲಿ ವೆಲ್ಡರ್, ವೈರ್‌ಮನ್‌ನಂಥ ಕೆಲವು ವಿಭಾಗಗಳಿಗೆ ಎಂಟನೇ ಕ್ಲಾಸ್ ಪಾಸಾಗಿದ್ದರೂ ಸಾಕು.

ಅವನು ಬಾಲಮಂದಿರದಲ್ಲಿ ಬೆಳೆದವನು ಅಂದಿರಿ. ಇದನ್ನು ದಯವಿಟ್ಟು ಹಗುರವಾಗಿ ಬಿಡಬೇಡಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಇಂಥವರಿಗೆಂದೇ ಆಫ್ಟರ್‌ಕೇರ್ ವ್ಯವಸ್ಥೆ ಇದೆ. 18 ತುಂಬಿ ಸಂಸ್ಥೆಯಿಂದ ಹೊರಬಂದವರಿಗೆ 21 ವರ್ಷದ ತನಕ, ವಿಶೇಷ ಸಂದರ್ಭದಲ್ಲಿ 23ರ ತನಕ ನೆರವು ಸಿಗಬಹುದು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದ ಮಾರ್ಗಸೂಚಿಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಇಟ್ಟಿದ್ದಾರೆ. ಹೊರಬರುವ ಹುಡುಗರಲ್ಲಿ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಅದು ನನಗೆ ತುಂಬಾ ನೋವು ಕೊಡುವ ಸಂಗತಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವನ ಹೆಸರಿನಲ್ಲಿ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. 19 ವರ್ಷ ಅಂದರೆ ಇನ್ನೂ ಸಮಯ ಇದೆ.

ದಾಖಲೆ ಕಳೆದಿದ್ದರೆ ಮೊದಲು ಆಧಾರ್. ಬಾಲಮಂದಿರದಲ್ಲಿದ್ದಾಗ ಮಾಡಿಸಿರುವ ಸಾಧ್ಯತೆ ಜಾಸ್ತಿ. ನಂಬರ್ ನೆನಪಿಲ್ಲದಿದ್ದರೂ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಹುಡುಕಿಸಬಹುದು. ವಿಳಾಸ ಇಲ್ಲ ಅನ್ನುವುದು ಅಡ್ಡಿಯಾಗಬೇಕಿಲ್ಲ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪತ್ರ ನಡೆಯುತ್ತದೆ. ಆಮೇಲೆ ಈಗಿರುವ ಮೊಬೈಲ್ ನಂಬರನ್ನು ಆಧಾರಿಗೆ ಜೋಡಿಸಿ. ಸಿಮ್ ಕಳೆದುಹೋಗಿ ಓಟಿಪಿ ಬರದೇ ನಿಂತುಹೋದ ಅರ್ಜಿಗಳು ಬೇಕಾದಷ್ಟಿವೆ. ಎಲ್ಲ ಕಾಗದದ ಒಂದು ಜೆರಾಕ್ಸ್ ಸೆಟ್ ನಿಮ್ಮ ಅಂಗಡಿಯಲ್ಲಿರಲಿ. ಮೂಲ ಪ್ರತಿ ಮಾತ್ರ ಅವನದೇ. ಅವನಾಗಿ ಇಟ್ಟುಕೊಳ್ಳಿ ಅಂದರೆ ಇಡಿ, ಕೇಳಿದ ತಕ್ಷಣ ಕೊಡಿ.

ತರಬೇತಿ ಮುಗಿದು ಕೆಲಸ ಸಿಕ್ಕಿತು ಅಂದುಕೊಳ್ಳಿ. ನಿಜವಾದ ಪರೀಕ್ಷೆ ಶುರುವಾಗುವುದು ಆಗಲೇ. ಸಂಬಳ ಬರುವುದು ತಿಂಗಳ ಕೊನೆಗೆ. ಬಾಡಿಗೆ ರೂಮಿಗೆ ಅಡ್ವಾನ್ಸ್ ಇಲ್ಲ. ಮೊದಲ ಮೂವತ್ತು ದಿನ ಅವನು ಎಲ್ಲಿ ಮಲಗಬೇಕು, ಏನು ತಿನ್ನಬೇಕು? ನಿಮ್ಮ ಹತ್ತಿರ ಉಳಿದಿರುವ ದುಡ್ಡನ್ನು ಇನ್ನೊಂದು ಕೋರ್ಸಿಗೆ ಹಾಕುವ ಬದಲು ಈ ತಿಂಗಳಿಗೆ ಎತ್ತಿಡಿ. ಇಂದಿರಾ ಕ್ಯಾಂಟೀನ್‌ನಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅಂದರೆ ದಿನಕ್ಕೆ 25 ರೂಪಾಯಿಯಲ್ಲಿ ಮೂರು ಹೊತ್ತು ನಡೆಯುತ್ತದೆ. ಮಲಗಲು ಪಾಲಿಕೆಯ ವಸತಿರಹಿತರ ಆಶ್ರಯ ಕೇಂದ್ರ ವಿಚಾರಿಸಿ. ಇಲ್ಲದಿದ್ದರೆ ಒಂದು ತಿಂಗಳ ಪಿಜಿ ಬಾಡಿಗೆ ಕೊಡಿ. ಕೆಲಸ ಕೊಟ್ಟ ಮಾಲೀಕರು ಒಪ್ಪಿದರೆ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಸಂಬಳ ಕೊಡಲಿ. ಅವರಿಗೆ ಖರ್ಚೇನೂ ಹೆಚ್ಚಾಗುವುದಿಲ್ಲ, ಹುಡುಗ ಮಾತ್ರ ಉಳಿಯುತ್ತಾನೆ.

ಮಧ್ಯೆ ಒಂದೆರಡು ದಿನ ಅವನು ನಾಪತ್ತೆಯಾಗಬಹುದು. ಮುನಿಸಿಕೊಳ್ಳಬೇಡಿ. ವಾಪಸ್ ಬಂದಾಗ "ಊಟ ಆಯ್ತಾ?" ಅಂತ ಕೇಳಿ ಮುಂದುವರಿಸಿ. ಹಾಗೆ ಕೇಳುವವರು ಅವನಿಗೆ ಬೇರೆ ಯಾರೂ ಇಲ್ಲದೇ ಇರಬಹುದು.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಸಣ್ಣ ಹೋಟೆಲ್ ನಡೆಸುತ್ತೇನೆ. ಮನೆ ಬಿಟ್ಟು ಬಂದ ಹುಡುಗ ಕೆಲಸ ಕೇಳುತ್ತಿದ್ದಾನೆ. 17 ಅನ್ನುತ್ತಾನೆ. ಊಟ, ವಸತಿ ಕೊಟ್ಟು ಇಟ್ಟುಕೊಳ್ಳಬಹುದಾ?
– ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮನಸ್ಸು ಒಳ್ಳೆಯದು. ಆದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 18 ತುಂಬದ, ಮನೆ ಬಿಟ್ಟ ಮಗು ಸಿಕ್ಕರೆ 24 ಗಂಟೆಯೊಳಗೆ ತಿಳಿಸಬೇಕು ಅಂತ ಕಾನೂನೇ ಇದೆ. ಮಕ್ಕಳ ಕಲ್ಯಾಣ ಸಮಿತಿ ಅವನ ಮಾತು ಕೇಳುತ್ತದೆ, ಮನೆಯವರನ್ನು ಹುಡುಕುತ್ತದೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಅದನ್ನೂ ಅವನು ಸಮಿತಿಯ ಮುಂದೆ ಹೇಳಲಿ. ಸುಮ್ನೆ ಕೆಲಸಕ್ಕಿಟ್ಟುಕೊಂಡರೆ ಇದ್ಯಾವುದೂ ಆಗುವುದಿಲ್ಲ.

14ರಿಂದ 18ರೊಳಗಿನವರು ಅಪಾಯವಿಲ್ಲದ ಕೆಲಸ ಮಾಡಬಹುದು ನಿಜ. ಆದರೆ ಬಿಡುವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರ ತನಕ ಕೆಲಸ ಮಾಡಿಸುವಂತಿಲ್ಲ. ಹೋಟೆಲಿನ ಕೆಲಸದ ಹೊತ್ತು ನಿಮಗೇ ಗೊತ್ತು.

ಅವನಿಗೆ 18 ತುಂಬಿದ ಮೇಲೆ ಖಂಡಿತ ಕೆಲಸ ಕೊಡಿ. ಹಿಂದೆ ಮುಂಬೈಗೆ ಹೋದ ನಮ್ಮ ಕರಾವಳಿಯ ಹುಡುಗರು ಹೋಟೆಲಿನಲ್ಲಿ ದುಡಿಯುತ್ತಾ, ಅಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದರು. ಈಗ ಎನ್‌ಐಒಎಸ್ ಮುಕ್ತ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮಟ್ಟದ ಪರೀಕ್ಷೆ ಬರೆಯಬಹುದು. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಮಲಗುವ ಜಾಗವೂ ನಿಮ್ಮದೇ ಆದರೆ, ಜಗಳವಾದ ದಿನ ಅವನು ಕೆಲಸದ ಜೊತೆ ಸೂರನ್ನೂ ಕಳೆದುಕೊಳ್ಳುತ್ತಾನೆ. ಆ ಭಯಕ್ಕೆ ಅವನು ಸಂಬಳ ಕೇಳುವುದಕ್ಕೂ ಹಿಂಜರಿಯುತ್ತಾನೆ. ಕೆಲಸ ಬಿಟ್ಟರೂ ಒಂದು ತಿಂಗಳು ಅಲ್ಲೇ ಇರಬಹುದು ಅಂತ ಮೊದಲೇ ಬರೆದುಕೊಡಿ. ಸಂಬಳ ಅವನ ಬ್ಯಾಂಕ್ ಖಾತೆಗೇ ಹೋಗಲಿ. ಎಟಿಎಂ ಕಾರ್ಡ್ ಅವನ ಜೇಬಿನಲ್ಲೇ ಇರಲಿ.