ಅಮ್ಮ ಕಿಡ್ನಿ ಕೊಡುವ ಮೊದಲು ಅಮ್ಮನ ಪರೀಕ್ಷೆ ಆಗಲಿ

ದಾವಣಗೆರೆಯಿಂದ ಪತ್ರ ಬರೆದ ಸೋದರಿಗೆ,

ನಿಮ್ಮ ಅಣ್ಣನಿಗೆ 38ಕ್ಕೇ ಡಯಾಲಿಸಿಸ್ ಶುರುವಾಗಿದೆ. ಎಕೋ ಮಾಡಿದಾಗ ಹೃದಯದ ಗೋಡೆ ದಪ್ಪ ಕಂಡಿದೆ, ಜೀನ್ ಪರೀಕ್ಷೆಯಲ್ಲಿ ಫ್ಯಾಬ್ರಿ ಕಾಯಿಲೆ ಅಂತ ಬಂದಿದೆ. ಕಿಡ್ನಿ ಕೊಡ್ತೀನಿ ಅಂತ ಅಮ್ಮ ಹಟ ಹಿಡಿದಿದ್ದಾರೆ. ಇದು ಗಂಡಸರ ಕಾಯಿಲೆ, ಹೆಂಗಸರು ಬರೀ ಕ್ಯಾರಿಯರ್, ಅಂದರೆ ದೋಷವನ್ನು ಮಕ್ಕಳಿಗೆ ದಾಟಿಸುತ್ತಾರೆ ಅಷ್ಟೇ, ಅವರಿಗೆ ಏನೂ ಆಗಲ್ಲ ಅಂತ ಯಾರೋ ಹೇಳಿದ್ದಾರೆ, ನಿಜವಾ ಅಂತ ಕೇಳಿದ್ದೀರಿ.

ನಿಜ ಅಲ್ಲ. ಅಮ್ಮನ ಜೀನ್ ಪರೀಕ್ಷೆ ಆಗುವ ತನಕ ದಯವಿಟ್ಟು ಆಪರೇಷನ್ನಿಗೆ ದಿನ ಗೊತ್ತು ಮಾಡಬೇಡಿ.

ಒಂದು ಬಗೆಯ ಕೊಬ್ಬನ್ನು ಒಡೆಯಲು ನಮ್ಮ ಜೀವಕೋಶಗಳಲ್ಲಿ ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಇರುತ್ತದೆ. ಅದು ಇಲ್ಲದಿದ್ದರೆ ಆ ಕೊಬ್ಬು ಕಿಡ್ನಿ, ಹೃದಯ, ನರ, ರಕ್ತನಾಳ ಎಲ್ಲೆಲ್ಲೂ ವರ್ಷಗಟ್ಟಲೆ ಕೂಡುತ್ತಾ ಹೋಗುತ್ತದೆ. ಮೊದಲು ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ, ಕಿಡ್ನಿ ಸೋಸದೆ ರಕ್ತದಲ್ಲಿ ಉಳಿಯುವ ಕಸವಾದ ಕ್ರಿಯಾಟಿನಿನ್ ಏರುವುದು ಆಮೇಲೆ. ಈ ಕಿಣ್ವದ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡುಮಗನಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ಅಪರೂಪಕ್ಕೆ ಮಗನಲ್ಲೇ ಹೊಸದಾಗಿ ದೋಷ ಹುಟ್ಟಿದ್ದು ಬಿಟ್ಟರೆ ಅಮ್ಮನಲ್ಲೂ ಅದೇ ದೋಷ ಇರುತ್ತದೆ, ಅಮ್ಮನಲ್ಲಿದ್ದರೆ ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ.

ಹೆಂಗಸರಿಗೆ ಎರಡು ಎಕ್ಸ್ ಇರುವುದರಿಂದ ಕೆಲವರಿಗೆ ತೊಂದರೆಯೇ ಕಾಣುವುದಿಲ್ಲ, ಕೆಲವರಿಗೆ ಗಂಡಸರಷ್ಟೇ ಜೋರಾಗಿ ಹೃದಯ ಕೆಡುತ್ತದೆ. ರಕ್ತದಲ್ಲಿ ಕಿಣ್ವದ ಮಟ್ಟ ಅಳೆದರೆ ಹೆಂಗಸರಲ್ಲಿ ನಾರ್ಮಲ್ ಅಂತಲೇ ಬರಬಹುದು. ಆ ರಿಪೋರ್ಟ್ ನಂಬಿ ಸುಮ್ನಾಗಬೇಡಿ. ಜೀನ್ ಪರೀಕ್ಷೆಯನ್ನೇ ಕೇಳಿ. ಅಣ್ಣನ ದೋಷ ಯಾವುದು ಅಂತ ಈಗಾಗಲೇ ಗೊತ್ತಿರುವುದರಿಂದ ನಿಮ್ಮಿಬ್ಬರಲ್ಲಿ ಅದೊಂದನ್ನು ಹುಡುಕಿದರೆ ಸಾಕು.

ಕಸಿಯಿಂದ ಅಣ್ಣನಿಗೆ ಅನುಕೂಲ ಖಂಡಿತ ಇದೆ. ಫ್ಯಾಬ್ರಿ ಇಲ್ಲದವರ ಕಿಡ್ನಿ ಸಿಕ್ಕರೆ ಅದು ತನಗೆ ಬೇಕಾದ ಕಿಣ್ವ ತಾನೇ ಮಾಡಿಕೊಳ್ಳುತ್ತದೆ. ಆದರೆ ಆ ಕಿಣ್ವ ಹೃದಯವನ್ನು ಕಾಯುವಷ್ಟು ಆಗುವುದಿಲ್ಲ. ದಪ್ಪಗಾದ ಗೋಡೆಯನ್ನು ಬಿಪಿಯಿಂದ ಆದದ್ದು ಅಂತ ಬಿಟ್ಟುಬಿಡುವುದು ತುಂಬಾ ನಡೆಯುತ್ತದೆ, ಇತ್ತ ಒಳಗೆ ಗಾಯದ ಕಲೆ ಬೆಳೆದು ಬಡಿತದ ಲಯವೇ ತಪ್ಪಬಹುದು. ಕಲೆ ನೋಡಲು ಹೃದಯದ ಎಂಆರ್‌ಐ, ಬಡಿತವನ್ನು ದಿನವಿಡೀ ದಾಖಲಿಸುವ ಹೋಲ್ಟರ್ ಎರಡನ್ನೂ ಕೇಳಿ. ಕಿಡ್ನಿ ಸರಿಹೋಯಿತು ಅಂತ ಹೃದಯದ ಡಾಕ್ಟರ ಹತ್ತಿರ ಹೋಗುವುದನ್ನು ಬಿಡಬಾರದು.

ನಿಮ್ಮ ಪತ್ರದ ಕೊನೆಯಲ್ಲಿದ್ದ ಒಂದು ಸಾಲು ನನಗೆ ಜಾಸ್ತಿ ಚಿಂತೆ ತಂದಿದೆ. ಅಣ್ಣನ ಮಗಳು ಬಿಸಿಲಲ್ಲಿ ಆಡಿದರೆ ಅಂಗಾಲು ಉರಿ ಅಂತ ಅಳುತ್ತಾಳೆ, ಬೆವರೋದೇ ಇಲ್ಲ ಅಂತ ಬರೆದಿದ್ದೀರಿ. ಅಪ್ಪನಿಗಿರುವುದು ಒಂದೇ ಎಕ್ಸ್, ಅದು ಪ್ರತಿ ಹೆಣ್ಣುಮಗುವಿಗೂ ಹೋಗುತ್ತದೆ. ಅವಳ ಉರಿ ನಾಟಕ ಅಲ್ಲ, ಇದು ಈ ಕಾಯಿಲೆಯ ಮೊದಲ ಗುರುತು.

2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಫ್ಯಾಬ್ರಿ ಇದೆ, ಆದರೆ ಅಂಗಾಂಗ ತೀರಾ ಕೆಡುವ ಮೊದಲೇ ಪತ್ತೆಯಾದವರಿಗೆ ಅಂತ ಷರತ್ತಿದೆ. ಮೊದಲೇ ಪತ್ತೆ ಮಾಡುವವರು ಊರೂರಲ್ಲಿ ಇಲ್ಲದಿರುವಾಗ ಈ ಷರತ್ತು ನನಗೆ ಅನ್ಯಾಯ ಅನ್ನಿಸುತ್ತದೆ. ಚಿಕಿತ್ಸೆಗೆ ಸರ್ಕಾರ ಕೊಡುವ ನೆರವಿನ ಮಿತಿ 50 ಲಕ್ಷ ರೂಪಾಯಿ. ಇದರ ಚಿಕಿತ್ಸೆ ಅಂದರೆ ಇಲ್ಲದ ಕಿಣ್ವವನ್ನು ಹೊರಗಿನಿಂದ ಕೊಡುವ ಡ್ರಿಪ್, ಎರಡು ವಾರಕ್ಕೊಮ್ಮೆ, ಅದೂ ಜೀವನವಿಡೀ ಬೇಕು. ಆ ಹಣ ಎಲ್ಲಿ ಸಾಲುತ್ತದೆ? ಆದರೂ ಅರ್ಜಿ ಹಾಕಿ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಈ ನೀತಿಯಡಿ ಗುರುತಿಸಿದ ಕೇಂದ್ರವಾಗಿವೆ. ಅಣ್ಣನ ಜೀನ್ ರಿಪೋರ್ಟ್ ಹಿಡಿದು ಅಮ್ಮ, ನೀವು, ಮಗು ಮೂವರೂ ಒಟ್ಟಿಗೇ ಹೋಗಿ. ಮೊದಲು ಮಗುವಿನ ಹೆಸರು ಬರೆಸಿ.

– ಸಂಪಾದಕ